ಚಿಪ್ ಅಳೆಯುವುದು ತನ್ನ ಮೈಬಿಸಿಯನ್ನು ಮಾತ್ರ

(ಎಲೆಕ್ಟ್ರಾನಿಕ್ ಉಪಕರಣಗಳ ತಾಪಮಾನ ನೋಡಿಕೊಳ್ಳುವ ಡಿಜಿಟಲ್ ಸೆನ್ಸರ್ ಚಿಪ್‌ಗಳ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಕಡಲೆಬೇಳೆ ಗಾತ್ರದ, ಎಂಟು ಕಾಲಿನ ಒಂದು ಚಿಪ್ಪಿನ ಬಗ್ಗೆ ಇವತ್ತು ಮಾತಾಡೋಣ. ಅದಕ್ಕೆ ಮೊದಲು ಒಂದು ಲೆಕ್ಕ.

ಪವರ್ ಸಪ್ಲೈ ಬಿಚ್ಚಿದವರೆಲ್ಲ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ನೋಡಿರುತ್ತೀರಿ. ಮೈಮೇಲೆ 105 ಡಿಗ್ರಿ ಎಂದು ಅಚ್ಚಾಗಿರುತ್ತದೆ. ತಯಾರಕರ ವಿವರಪತ್ರ, ಅಂದರೆ ಡೇಟಾಶೀಟ್ ತೆಗೆದರೆ ಆ ಬಿಸಿಯಲ್ಲಿ 2000 ಗಂಟೆ ಬಾಳಿಕೆ ಎಂದಿರುತ್ತದೆ. 10 ಡಿಗ್ರಿ ಇಳಿದರೆ ಬಾಳಿಕೆ ಎರಡು ಪಟ್ಟು ಎಂಬುದು ರೂಢಿಯ ಲೆಕ್ಕ. 65 ಡಿಗ್ರಿಯಲ್ಲಿ ಇಟ್ಟರೆ 32,000 ಗಂಟೆ, ಅಂದರೆ ಹಗಲು ರಾತ್ರಿ ಓಡಿಸಿದರೂ ಮೂರೂವರೆ ವರ್ಷಕ್ಕೆ ಮೇಲೆ. 75 ಆದರೆ 16,000 ಗಂಟೆ, ಎರಡು ವರ್ಷವೂ ಇಲ್ಲ. ಉಪಕರಣ ಅಷ್ಟೇ, ಕೆಲಸ ಅಷ್ಟೇ. ಫ್ಯಾನಿನ ಜಾಲರಿಗೆ ಕಟ್ಟಿದ ಧೂಳು ಮಾತ್ರ ಹೆಚ್ಚು. ಆ ಹತ್ತು ಡಿಗ್ರಿ ಏರಿದ್ದು ನಮಗೆ ತಿಳಿಯಬೇಕು. ತಾಪಮಾನ ಸೆನ್ಸರ್ ಹಾಕುವುದು ಅದಕ್ಕೇ.

ಚಿಪ್ಪಿನೊಳಗೆ ಏನಾಗುತ್ತದೆ ಎಂದು ಬೇಗ ನೋಡಿಬಿಡೋಣ. ಸಿಲಿಕಾನ್ ಡಯೋಡಿನಲ್ಲಿ ಒಂದೇ ಕರೆಂಟ್ ಹರಿಸುತ್ತಿದ್ದರೆ, ಬಿಸಿ ಏರಿದಂತೆ ಅದರ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಇಷ್ಟನ್ನೇ ನಂಬಿದರೆ ಡಯೋಡಿನಿಂದ ಡಯೋಡಿಗೆ ವ್ಯತ್ಯಾಸ ಬರುತ್ತದೆ. ಅದಕ್ಕೆ ಒಂದು ಉಪಾಯವಿದೆ: ಅದೇ ಡಯೋಡಿಗೆ ಮೊದಲು 10 ಮೈಕ್ರೊಆಂಪಿಯರ್, ಆಮೇಲೆ 100 ಮೈಕ್ರೊಆಂಪಿಯರ್ ಕೊಟ್ಟು, ಎರಡು ವೋಲ್ಟೇಜ್‌ಗಳ ವ್ಯತ್ಯಾಸ ತೆಗೆಯುವುದು. ಆ ವ್ಯತ್ಯಾಸ ಬಹುಮಟ್ಟಿಗೆ ನಿಲ್ಲುವುದು ಕರೆಂಟ್‌ಗಳ ಅನುಪಾತ ಮತ್ತು ಕೆಲ್ವಿನ್ ತಾಪಮಾನದ ಮೇಲೆ. ಅನುಪಾತ 10 ಇದ್ದಾಗ ಪ್ರತಿ ಡಿಗ್ರಿಗೆ 198 ಮೈಕ್ರೊವೋಲ್ಟ್. 25 ಡಿಗ್ರಿಯಲ್ಲಿ ಒಟ್ಟು 59 ಮಿಲಿವೋಲ್ಟ್ ಚಿಲ್ಲರೆ. ಚಿಪ್ ಇದನ್ನು ತಾನೇ ಅಳೆದು, ಅಂಕಿಯಾಗಿ ಮಾಡಿ, ಎರಡು ತಂತಿಯಲ್ಲಿ ಕೈಗಿಡುತ್ತದೆ.

ಈ ಕೆಲಸ ನಡೆಯುವುದು ಚಿಪ್ಪಿನ ಹೊಟ್ಟೆಯೊಳಗಿನ ಸಿಲಿಕಾನ್ ತುಂಡಿನಲ್ಲಿ. ಹಾಗಾಗಿ ಅದಕ್ಕೆ ಗೊತ್ತಿರುವುದು ಆ ತುಂಡಿನ ಬಿಸಿ ಒಂದೇ. ಪಕ್ಕದ ಪ್ರೊಸೆಸರ್ ಎಷ್ಟು ಕಾದಿದೆ, ಪೆಟ್ಟಿಗೆಯೊಳಗಿನ ಗಾಳಿ ಎಷ್ಟು ಬಿಸಿ ಎಂಬುದು ಅದಕ್ಕೆ ತಿಳಿಯದು. ಆ ಬಿಸಿ ಇಲ್ಲಿಯವರೆಗೆ ಬರುವ ದಾರಿಯನ್ನು ನಾವು ಮಾಡಿಕೊಡಬೇಕು. ಇವತ್ತು ಹೇಳುವ ತಪ್ಪುಗಳಲ್ಲಿ ಅರ್ಧಕ್ಕರ್ಧ ಈ ದಾರಿಯವೇ.

ಉದಾಹರಣೆಗೆ ಎಲ್‌ಎಂ75 ತೆಗೆದುಕೊಳ್ಳೋಣ. 1990ರ ದಶಕದಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ತಂದ ಚಿಪ್ ಇದು. 2011ರಲ್ಲಿ ಆ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಪಾಲಾಯಿತು, ಚಿಪ್ ಮಾತ್ರ ಇಂದಿಗೂ ಬದುಕಿದೆ. ಬೇರೆ ಕಂಪನಿಗಳೂ ಅದೇ ಕಾಲುಗಳ ಜೋಡಣೆಯಲ್ಲಿ, ಅದೇ ರಿಜಿಸ್ಟರ್ (ಚಿಪ್ಪಿನೊಳಗೆ ಅಂಕಿ ಇಡುವ ಗೂಡು) ವ್ಯವಸ್ಥೆಯಲ್ಲಿ ತಮ್ಮ ತಮ್ಮ ಚಿಪ್ ಮಾಡಿವೆ. ಇದೊಂದನ್ನು ಅರಿತರೆ ಉಳಿದವು ಹತ್ತಿರದ ನೆಂಟರಂತೆ ಕಾಣುತ್ತವೆ.

ಮೂಲ ಎಲ್‌ಎಂ75ರಲ್ಲಿ ಒಂಬತ್ತು ಬಿಟ್, ಅರ್ಧ ಡಿಗ್ರಿಯ ಮೆಟ್ಟಿಲು, ಅಂದರೆ ಅಂಕಿ ಅರ್ಧರ್ಧ ಡಿಗ್ರಿಯಾಗಿ ಬದಲಾಗುತ್ತದೆ. ನಿಖರತೆ −25ರಿಂದ 100 ಡಿಗ್ರಿಯವರೆಗೆ ±2, ಅದರಾಚೆ −55ರಿಂದ 125ರವರೆಗೆ ±3. ಮೆಟ್ಟಿಲು ಸಣ್ಣದಾದ ಮಾತ್ರಕ್ಕೆ ಅಳತೆ ಸರಿಯೆಂದು ಅಲ್ಲ, 0.0625 ಡಿಗ್ರಿ ಮೆಟ್ಟಿಲಿನ ಚಿಪ್ ಕೂಡ ಎರಡು ಡಿಗ್ರಿ ತಪ್ಪು ಹೇಳಬಹುದು. ಡೇಟಾಶೀಟ್‌ನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿರುವುದು ಸಾಮಾನ್ಯವಾಗಿ ಮೆಟ್ಟಿಲು ಅಥವಾ 'ಸಾಧಾರಣ' ನಿಖರತೆ. ನೀವು ನೋಡಬೇಕಾದ್ದು ಒಳಪುಟದ ಕೋಷ್ಟಕದಲ್ಲಿರುವ 'ಗರಿಷ್ಠ' ತಪ್ಪಿನ ಕಾಲಂ.

ಜೋಡಣೆ ಹೀಗೆ. ಸಪ್ಲೈ 3ರಿಂದ 5.5 ವೋಲ್ಟ್. ಸಪ್ಲೈ ಪಿನ್ನಿಗೆ ತಾಗಿದಂತೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್. ಚಿಪ್‌ಗಳು ಮಾತಾಡಿಕೊಳ್ಳುವ ಐ2ಸಿ ಬಸ್ಸಿನ ಎರಡು ತಂತಿ, ಡೇಟಾ ಮತ್ತು ಕ್ಲಾಕ್; ಎರಡಕ್ಕೂ ಮೇಲಕ್ಕೆಳೆಯುವ ರೆಸಿಸ್ಟರ್, ಅದೇ ಪುಲ್-ಅಪ್. ಮೂರು ಅಡ್ರೆಸ್ ಪಿನ್ ಇರುವುದರಿಂದ ಒಂದೇ ಬಸ್ಸಿನಲ್ಲಿ ಎಂಟು ಚಿಪ್ ಕೂರಿಸಬಹುದು. ಹೆಕ್ಸ್ (ಹದಿನಾರರ ಎಣಿಕೆ) 48ರಿಂದ 4ಎಫ್‌ವರೆಗಿನ ಅಡ್ರೆಸ್. ಈ ಮೂರು ಪಿನ್‌ಗಳನ್ನು ಗ್ರೌಂಡಿಗೋ ಸಪ್ಲೈಗೋ ಕಟ್ಟಲೇಬೇಕು. ತೇಲುವಂತೆ ಬಿಟ್ಟರೆ ಬೆಳಿಗ್ಗೆ 48ರಲ್ಲಿದ್ದ ಚಿಪ್ ಫ್ಯಾನ್ ಶುರುವಾದ ಮೇಲೆ 49ಕ್ಕೆ ಹೋಗಿರುತ್ತದೆ, ನೀವು ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತೀರಿ.

ಪುಲ್-ಅಪ್ ಬಗ್ಗೆ ಸ್ವಲ್ಪ ನಿಲ್ಲಬೇಕು. 4.7 ಕಿಲೊಓಮ್ ಹಾಕಿ ಸುಮ್ಮನಾಗುವುದು ರೂಢಿ. ಆದರೆ ಬಸ್ಸಿನ ತಂತಿಗೆ ಅದರದೇ ಕೆಪಾಸಿಟೆನ್ಸ್ ಇದೆ. 100 ಕಿಲೊಹರ್ಟ್ಸ್ ವೇಗಕ್ಕೆ ಸಿಗ್ನಲ್ 1 ಮೈಕ್ರೊಸೆಕೆಂಡಿನೊಳಗೆ ಏರಬೇಕು. 4.7 ಕಿಲೊಓಮ್‌ನಲ್ಲಿ ಅದು ಸಾಧ್ಯವಾಗುವುದು ಸುಮಾರು 250 ಪಿಕೊಫ್ಯಾರಡ್‌ವರೆಗೆ. 400 ಕಿಲೊಹರ್ಟ್ಸ್‌ಗೆ ಹೋದರೆ ಬರೀ 75. ಐ2ಸಿ ಅನುಮತಿಸುವ 400 ಪಿಕೊಫ್ಯಾರಡ್ ಪೂರ್ತಿ ಇದ್ದರೆ ನಿಧಾನದ ವೇಗಕ್ಕೂ 2.9 ಕಿಲೊಓಮ್‌ಗಿಂತ ದೊಡ್ಡದು ನಡೆಯದು.

ಇದರ ತದ್ವಿರುದ್ಧದ ತಪ್ಪು ರೆಡಿಮೇಡ್ ಮಾಡ್ಯೂಲ್‌ಗಳಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಳ್ಳುವ ಪುಟ್ಟ ಬೋರ್ಡುಗಳಲ್ಲಿ ಪುಲ್-ಅಪ್ ಬಹುಪಾಲು ಮೊದಲೇ ಬೆಸುಗೆಯಾಗಿರುತ್ತದೆ. 4.7 ಕಿಲೊಓಮ್‌ನ ಎಂಟು ಬೋರ್ಡು ಒಂದೇ ಬಸ್ಸಿಗೆ ಹಾಕಿದರೆ ಒಟ್ಟು 590 ಓಮ್ ಆಯಿತು. 5 ವೋಲ್ಟಿನಲ್ಲಿ ಅದನ್ನು ಕೆಳಗೆಳೆಯಲು ಎಂಟು ಮಿಲಿಆಂಪಿಯರ್ ಬೇಕು. ಐ2ಸಿ ಚಿಪ್ ಕೊಡಲೇಬೇಕಾದ ಶಕ್ತಿ 3 ಮಿಲಿಆಂಪಿಯರ್ ಮಾತ್ರ. ಎರಡು ಬೋರ್ಡಿನವರೆಗೆ ಸರಿಯಾಗಿದ್ದದ್ದು ಆರನೆಯದು ಸೇರಿದೊಡನೆ ಕೈಕೊಡುವುದು ಹೀಗೆ. ಒಂದು ಬೋರ್ಡಿನ ರೆಸಿಸ್ಟರ್ ಉಳಿಸಿ, ಉಳಿದವನ್ನು ಸೋಲ್ಡರಿಂಗ್ ಐರನ್‌ನಿಂದ ಎಬ್ಬಿಸಿ ತೆಗೆಯಿರಿ.

ಈಗ ಓದುವುದು. ತಾಪಮಾನ ಎರಡು ಬೈಟ್‌ನಲ್ಲಿ ಬರುತ್ತದೆ, ಎಡಕ್ಕೆ ಒತ್ತಿಕೊಂಡು. ಎರಡನ್ನೂ ಸೇರಿಸಿ 16 ಬಿಟ್‌ನ ಚಿಹ್ನೆಸಹಿತ ಸಂಖ್ಯೆ ಮಾಡಿ 256ರಿಂದ ಭಾಗಿಸಿದರೆ ಮುಗಿಯಿತು: 6400 ಬಂದರೆ 25 ಡಿಗ್ರಿ. ಚಿಹ್ನೆ ಮರೆತರೆ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಿರುವುದು 255.5 ಡಿಗ್ರಿಯಾಗಿ ಕಾಣುತ್ತದೆ. ನಮ್ಮ ಊರಿನ ಹವೆಯಲ್ಲಿ ಈ ತಪ್ಪು ವರ್ಷಗಟ್ಟಲೆ ಬಯಲಾಗದೆ ಉಳಿಯಬಹುದು, ಯಾಕೆಂದರೆ ಸೊನ್ನೆಯ ಕೆಳಗೆ ನಾವು ಹೋಗುವುದೇ ಇಲ್ಲ. ಶೀತಲಗೃಹದಲ್ಲಿ ಕೂರಿಸಿದ ದಿನ ಅಲಾರಂ ಹೊಡೆದುಕೊಳ್ಳುತ್ತದೆ.

ಎರಡೂ ಬೈಟ್ ಒಂದೇ ಓದಿನಲ್ಲಿ ಬರಬೇಕು. ಮೊದಲನೆಯದು ಒಮ್ಮೆ, ಎರಡನೆಯದು ಇನ್ನೊಮ್ಮೆ ಎಂದು ಓದಿದರೆ, ನಡುವೆ ತಾಪಮಾನ 24.5ರಿಂದ 25.0ಕ್ಕೆ ಏರಿದಾಗ ಹಳೆಯ 24, ಹೊಸ .0 ಸೇರಿ 24.0 ಆಗುತ್ತದೆ. ಏರುತ್ತಿರುವ ಬಿಸಿ ಇಳಿದಂತೆ ತೋರುತ್ತದೆ.

ಇನ್ನು ಕೆಲವು ಅನುಮಾನದ ಸಂಖ್ಯೆಗಳಿವೆ, ಮನಸ್ಸಿನಲ್ಲಿಟ್ಟುಕೊಳ್ಳಿ. ಎಲ್‌ಎಂ75 −0.5 ಎಂದರೆ ಚಳಿಯೆಂದು ತಿಳಿಯಬೇಡಿ. ತಂತಿ ಬಿಟ್ಟುಹೋದ ಬಸ್ಸು ಪುಲ್-ಅಪ್‌ನಿಂದ ಮೇಲೆಯೇ ನಿಲ್ಲುತ್ತದೆ, ಎಲ್ಲ ಬಿಟ್ಟೂ 1. ಕೆಳಗಿನ ಬೇಡದ ಏಳು ಬಿಟ್ ಅಳಿಸಿದ ಮೇಲೆ ಉಳಿಯುವ ಒಂಬತ್ತು ಒಂದುಗಳೆಂದರೆ ಅದೇ −0.5. ಚಿಪ್ ಉತ್ತರ ಕೊಟ್ಟಿತೇ ಎಂದು ಕೋಡ್ ನೋಡದಿದ್ದರೆ ಹೀಗಾಗುತ್ತದೆ. ಕದಲದ 0 ಬಂದರೆ ಡೇಟಾ ತಂತಿ ಗ್ರೌಂಡಿಗೆ ಕಚ್ಚಿಕೊಂಡಿದೆ. ಡಿಎಸ್18ಬಿ20 ಎಂಬ ಇನ್ನೊಂದು ಡಿಜಿಟಲ್ ಸೆನ್ಸರ್ ಕಡೆಯಿಂದ 85 ಬಂದರೆ, ಅದು ಕರೆಂಟ್ ಬಂದಾಗ ಚಿಪ್ಪಿನೊಳಗೆ ಇರುವ ಆರಂಭದ ಬೆಲೆ. ಅಳತೆಗೆ ಆಜ್ಞೆ ಹೋಗಿಲ್ಲ, ಇಲ್ಲವೇ ಮುಗಿಯುವ ಮುಂಚೆ ಓದಿದ್ದೀರಿ. 12 ಬಿಟ್‌ಗೆ ಅದು 750 ಮಿಲಿಸೆಕೆಂಡ್ ಕೇಳುತ್ತದೆ. ಪವರ್ ಸಪ್ಲೈಯಲ್ಲಿ 85 ನಿಜವಾಗಿಯೂ ಬರಬಹುದಾದ ಬಿಸಿಯಾದ್ದರಿಂದ, ಒಂದೇ ಓದನ್ನು ನಂಬದೆ ಮತ್ತೊಮ್ಮೆ ಅಳೆಸಿ ನೋಡಿ.

ಬಸ್ಸು ಸಿಕ್ಕಿಹಾಕಿಕೊಳ್ಳುವುದೂ ಉಂಟು. ಓದುವ ನಡುವೆ ಪ್ರೊಸೆಸರ್ ರಿಸೆಟ್ ಆದರೆ, ಸೆನ್ಸರ್ 0 ಹಿಡಿದುಕೊಂಡು ಮುಂದಿನ ಕ್ಲಾಕಿಗೆ ಕಾಯುತ್ತಲೇ ಇರುತ್ತದೆ. ಪ್ರೊಸೆಸರ್ ಎದ್ದು ನೋಡಿದರೆ ಬಸ್ಸು ಖಾಲಿಯಿಲ್ಲ. ಶುರುವಿನಲ್ಲೇ ಕ್ಲಾಕ್ ತಂತಿಯಲ್ಲಿ ಒಂಬತ್ತು ಪಲ್ಸ್ ಕೊಟ್ಟು, ಸ್ಟಾಪ್ ಕಳಿಸುವ ನಾಲ್ಕು ಸಾಲು ಕೋಡ್ ಬರೆದಿಟ್ಟರೆ ಬಿಡುತ್ತದೆ.

ಕೊಳ್ಳುವಾಗ ಹೆಸರು ನಂಬಬೇಡಿ. ಟೆಕ್ಸಾಸ್‌ನ ಎಲ್‌ಎಂ75ಬಿ ಒಂಬತ್ತು ಬಿಟ್. ಎನ್‌ಎಕ್ಸ್‌ಪಿಯ ಎಲ್‌ಎಂ75ಬಿ ಹನ್ನೊಂದು ಬಿಟ್, ಮೆಟ್ಟಿಲು 0.125. ಹೆಸರು ಒಂದೇ, ಕೊನೆಯ ಅಕ್ಷರವೂ ಒಂದೇ. 256ರಿಂದ ಭಾಗಿಸುವ ಮುನ್ನ ಕೆಳಗಿನ ಬೇಡದ ಬಿಟ್‌ಗಳನ್ನು ಅಳಿಸಿಹಾಕುವ ಕೋಡ್ ಬರೆದಿದ್ದರೆ, ಯಾವ ಕಂಪನಿಯ ಚಿಪ್ ಎಂದು ನೋಡಿ ಬರೆಯಿರಿ. ಲಿನಕ್ಸ್‌ನಲ್ಲಿ ಇದಕ್ಕೆ ಚಾಲಕ (ಡ್ರೈವರ್) ಸಿದ್ಧವಿದೆ, ಅದು ಬೆಲೆಯನ್ನು ಡಿಗ್ರಿಯ ಸಾವಿರದ ಭಾಗದಲ್ಲಿ ಕೊಡುತ್ತದೆ: 45500 ಎಂದರೆ 45.5.

ಓಎಸ್ ಎಂಬ ಪಿನ್ ಈ ಚಿಪ್ಪಿನ ನಿಜವಾದ ಚೆಲುವು. ಪ್ರೊಸೆಸರ್ ಇಲ್ಲದೆಯೂ ಇದು ಥರ್ಮೋಸ್ಟಾಟ್. ಕರೆಂಟ್ ಬಂದೊಡನೆ ಮೇಲಿನ ಮಿತಿ 80 ಡಿಗ್ರಿ, ಕೆಳಗಿನದು 75. 80 ದಾಟಿದರೆ ಪಿನ್ ಕೆಳಗಿಳಿಯುತ್ತದೆ, 75ರ ಕೆಳಗೆ ಬಂದಾಗ ಬಿಡುತ್ತದೆ. ನಡುವಿನ ಐದು ಡಿಗ್ರಿ ಇಲ್ಲದಿದ್ದರೆ ಫ್ಯಾನು ನಿಮಿಷಕ್ಕೆ ಹತ್ತು ಸಲ ಹೊತ್ತಿ ಆರುತ್ತಿತ್ತು. ಮಿತಿಗಳನ್ನು 55 ಮತ್ತು 50ಕ್ಕೆ ಬದಲಾಯಿಸಬಹುದು, ಆದರೆ ಕರೆಂಟ್ ಹೋಗಿ ಬಂದರೆ ಮತ್ತೆ 80, 75. ಹಾಗಾಗಿ ಕೋಡ್ ಪ್ರತಿ ಸಲವೂ ಬರೆಯಬೇಕು.

ಫ್ಯಾನಿಗೆ ಇದನ್ನು ಕಟ್ಟುವಾಗ ಬೀಳಬಹುದಾದ ಒಂದು ಗುಂಡಿ ಇದೆ. ಓಎಸ್ ಪಿನ್ನನ್ನು ನೇರವಾಗಿ, ಗೇಟ್ ಮೇಲೇರಿದರೆ ಫ್ಯಾನ್ ಹಚ್ಚುವ ಸ್ವಿಚ್ಚಾದ ಎನ್-ಚಾನೆಲ್ ಮಾಸ್‌ಫೆಟ್‌ನ ಗೇಟಿಗೆ ಕೊಟ್ಟು, 'ಬಿಸಿಯಾದರೆ ಮೇಲೇಳು' ಎಂದು ಕಾನ್ಫಿಗರೇಷನ್ ಬಿಟ್ ತಿರುಗಿಸುವವರಿದ್ದಾರೆ. ಕೋಡ್ ಓಡುವವರೆಗೂ ಸರಿ. ಪ್ರೊಸೆಸರ್ ಸತ್ತ ದಿನ ಆ ಬಿಟ್ ತಿರುಗುವುದಿಲ್ಲ. ತಣ್ಣಗಿದ್ದಾಗ ಫ್ಯಾನ್ ತಿರುಗಿ, 80 ಡಿಗ್ರಿಗೆ ನಿಲ್ಲುತ್ತದೆ. ಬೇಕಾದ್ದಕ್ಕೆ ಪೂರಾ ಉಲ್ಟಾ. ಸರಿಯಾದ ದಾರಿ ಹೀಗೆ: ಓಎಸ್‌ಗೆ 10 ಕಿಲೊಓಮ್ ಪುಲ್-ಅಪ್, ಅಲ್ಲಿಂದ ಇನ್ನೊಂದು 10 ಕಿಲೊಓಮ್ ಮೂಲಕ ಸಣ್ಣ ಎನ್‌ಪಿಎನ್ ಟ್ರಾನ್ಸಿಸ್ಟರಿನ ಬೇಸಿಗೆ. ಅದರ ಕಲೆಕ್ಟರನ್ನು 10 ಕಿಲೊಓಮ್ ಮೂಲಕ 12 ವೋಲ್ಟಿಗೆ ಎಳೆದು, ಅಲ್ಲಿಂದ ಮಾಸ್‌ಫೆಟ್‌ನ ಗೇಟ್. ತಣ್ಣಗಿದ್ದಾಗ ಟ್ರಾನ್ಸಿಸ್ಟರ್ ಗೇಟನ್ನು ಕೆಳಗೆ ಹಿಡಿದಿರುತ್ತದೆ. ಬಿಸಿಯಾದರೆ ಓಎಸ್ ಇಳಿದು, ಟ್ರಾನ್ಸಿಸ್ಟರ್ ಬಿಟ್ಟು, ಫ್ಯಾನ್ ತಿರುಗುತ್ತದೆ. ಸೆನ್ಸರಿನ 3.3 ವೋಲ್ಟ್ ಸಪ್ಲೈಯೇ ಹೋದರೂ ಫ್ಯಾನ್ ತಿರುಗುತ್ತದೆ. 12 ವೋಲ್ಟನ್ನು ಓಎಸ್ ಪಿನ್ನಿಗೆ ಮಾತ್ರ ತಾಗಿಸಬೇಡಿ, ತಡೆಯದು.

ಇಂಟರಪ್ಟ್ ಮೋಡ್ ಅಂತ ಇನ್ನೊಂದಿದೆ. ಅದರಲ್ಲಿ ಯಾವುದೇ ರಿಜಿಸ್ಟರ್ ಓದಿದೊಡನೆ ಓಎಸ್ ಬಿಡುಗಡೆಯಾಗುತ್ತದೆ. ಫ್ಯಾನ್ ಕಟ್ಟಿದ್ದರೆ ಪ್ರೊಸೆಸರ್ ತಾಪಮಾನ ಓದಿದ ಕ್ಷಣಕ್ಕೆ ಫ್ಯಾನ್ ನಿಲ್ಲುತ್ತದೆ. ಅದು ಪ್ರೊಸೆಸರಿಗೆ ಸುದ್ದಿ ಮುಟ್ಟಿಸಲಿಕ್ಕೆ, ಫ್ಯಾನಿಗಲ್ಲ.

ಇನ್ನು ಜಾಗ. ತಾಮ್ರ ಬೋರ್ಡಿನ ಫೈಬರ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಚೆನ್ನಾಗಿ ಬಿಸಿ ಸಾಗಿಸುತ್ತದೆ. ಹಾಗಾಗಿ ಚಿಪ್ಪಿಗೆ ಬಿಸಿ ಬರುವುದು ಮುಖ್ಯವಾಗಿ ಕಾಲುಗಳಿಂದ, ಅದರಲ್ಲೂ ಗ್ರೌಂಡ್ ಕಾಲಿನಿಂದ. ಮೇಲಿನ ಪ್ಲಾಸ್ಟಿಕ್ಕಿಗೆ ತಗಲುವ ಗಾಳಿಯಿಂದ ಬರುವುದು ಕಡಿಮೆ. ಮಾಸ್‌ಫೆಟ್‌ನ ಬಿಸಿ ತಿಳಿಯಬೇಕಾದರೆ ಅದರ ಪಕ್ಕದಲ್ಲೇ ಸೆನ್ಸರ್ ಇಟ್ಟು, ಎರಡರ ನಡುವೆ ಅಗಲವಾದ ಗ್ರೌಂಡ್ ತಾಮ್ರ ಹರಡಿ. ಗಾಳಿಯ ಬಿಸಿ ಬೇಕಾದರೆ ಇದರ ವಿರುದ್ಧ ಮಾಡಿ: ಬೋರ್ಡಿನ ಅಂಚಿನಲ್ಲಿ, ಗಾಳಿ ಒಳಬರುವ ಕಡೆ, ಸೆನ್ಸರ್ ಸುತ್ತ ಮೂರು ಬದಿ 2 ಮಿಲಿಮೀಟರ್ ಸೀಳು ತೆಗೆದು ನಾಲಿಗೆಯಂತೆ ಮಾಡಿ. ಆ ನಾಲಿಗೆಯಡಿ ಗ್ರೌಂಡ್ ಪ್ಲೇನ್ ಬೇಡ, ಎಳೆಗಳು ಸಣ್ಣಗಿರಲಿ. ±0.1 ಡಿಗ್ರಿಯ ಟಿಎಂಪಿ117 ಸೆನ್ಸರ್ ತಂದು ವೋಲ್ಟೇಜ್ ರೆಗ್ಯುಲೇಟರ್ ಪಕ್ಕ ಕೂರಿಸಿದರೆ, ನಿಮಗೆ ಸಿಗುವುದು ರೆಗ್ಯುಲೇಟರ್‌ನ ಬಿಸಿಯ ಬಹಳ ನಿಖರವಾದ ಅಳತೆ.

ಚಿಪ್ ತನ್ನನ್ನೇ ಕಾಯಿಸಿಕೊಳ್ಳುವುದು ಸಣ್ಣದು. ಎಲ್‌ಎಂ75 ಸಾಧಾರಣವಾಗಿ 250 ಮೈಕ್ರೊಆಂಪಿಯರ್ ಕುಡಿಯುತ್ತದೆ, 5 ವೋಲ್ಟಿನಲ್ಲಿ 1.25 ಮಿಲಿವ್ಯಾಟ್, ವ್ಯಾಟಿಗೆ 200 ಡಿಗ್ರಿ ಏರುವ ಪ್ಯಾಕೇಜ್ ಎಂದರೂ ಕಾಲು ಡಿಗ್ರಿ. ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈಗ ಒಂದು ಪೆಟ್ಟಿಗೆ. ಒಳಗೆ 100 ವ್ಯಾಟ್ ಬಿಸಿ, ನಿಮಿಷಕ್ಕೆ 30 ಘನ ಅಡಿ ಗಾಳಿ ಹರಿಸುವ ಫ್ಯಾನ್. ಗಾಳಿಯ ಸಾಂದ್ರತೆ, ಉಷ್ಣಧಾರಣೆ ಹಾಕಿ ಲೆಕ್ಕ ಮಾಡಿದರೆ ಹೊರಹೋಗುವ ಗಾಳಿ ಒಳಬರುವುದಕ್ಕಿಂತ 6 ಡಿಗ್ರಿ ಬಿಸಿ ಇರುತ್ತದೆ. ಫಿಲ್ಟರ್ ಕಟ್ಟಿ ಹರಿವು ಅರ್ಧವಾದರೆ 12. ಹೊರಬಾಯಿಗೆ ಒಂದೇ ಸೆನ್ಸರ್ ಇಟ್ಟು '50 ದಾಟಿದರೆ ಅಲಾರಂ' ಎಂದರೆ ಏನಾಗುತ್ತದೆ ನೋಡಿ. ಮೇ ತಿಂಗಳ ರಾಯಚೂರಿನಲ್ಲಿ ಒಳಬರುವ ಗಾಳಿಯೇ 44 ಇದ್ದರೆ, ಫಿಲ್ಟರ್ ಸ್ವಚ್ಛವಿದ್ದರೂ ಅಲಾರಂ ಅಂಚಿಗೆ ಬಂದಿರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಒಳಗೆ 20, ಫಿಲ್ಟರ್ ಅರ್ಧ ಮುಚ್ಚಿದೆ, ಹೊರಗೆ 32, ಅಲಾರಂ ನಿದ್ದೆಯಲ್ಲಿದೆ. ಎರಡು ಸೆನ್ಸರ್ ಇಟ್ಟು ವ್ಯತ್ಯಾಸ ನೋಡಿದರೆ ಋತುವಿನ ಹಂಗಿಲ್ಲ. ಕೆಲಸದ ಹೊರೆ ಏರಿಳಿಯುವ ಉಪಕರಣವಾದರೆ ವ್ಯತ್ಯಾಸವನ್ನು ವ್ಯಾಟಿನಿಂದ ಭಾಗಿಸಬೇಕು, ಅಷ್ಟೆ.

ಆದರೆ ±2 ಡಿಗ್ರಿಯ ಎರಡು ಚಿಪ್‌ಗಳ ವ್ಯತ್ಯಾಸದಲ್ಲಿ 4 ಡಿಗ್ರಿ ತಪ್ಪಿರಬಹುದು, ನಾವು ಹುಡುಕುತ್ತಿರುವುದು 6ಕ್ಕೂ 12ಕ್ಕೂ ನಡುವಿನ ಅಂತರ. ಮದ್ದು ಸುಲಭ. ಉಪಕರಣವನ್ನು ರಾತ್ರಿಯಿಡೀ ಆರಿಸಿಟ್ಟು, ಬೆಳಿಗ್ಗೆ ಬಿಸಿಯಾಗುವ ಮುನ್ನವೇ ಎರಡನ್ನೂ ಓದಿ. ಆಗ ಎರಡೂ ಒಂದೇ ಬಿಸಿಯಲ್ಲಿರುತ್ತವೆ. ಅಂಕಿಯಲ್ಲಿರುವ ಅಂತರವನ್ನು ಬರೆದಿಟ್ಟುಕೊಂಡು ಮುಂದೆ ಯಾವಾಗಲೂ ಕಳೆಯಿರಿ. ಅರ್ಧ ಡಿಗ್ರಿ ಮೆಟ್ಟಿಲಿನ ಅಗ್ಗದ ಚಿಪ್ಪೂ ಈ ಕೆಲಸಕ್ಕೆ ಧಾರಾಳ ಸಾಕು.

ಪ್ರೊಸೆಸರ್‌ನೊಳಗಿನ ಡಯೋಡನ್ನು ಹೊರಗಿನ ಚಿಪ್‌ನಿಂದ ಅಳೆಯುವ ವಿಧಾನವೂ ಇದೆ. ಅಲ್ಲಿ ಮೂರು ಕಳ್ಳರಿದ್ದಾರೆ. ತಂತಿಯ ರೆಸಿಸ್ಟೆನ್ಸ್ ಮೊದಲನೆಯದು: 10 ಮತ್ತು 100 ಮೈಕ್ರೊಆಂಪಿಯರ್‌ಗಳ ನಡುವಿನ 90 ಮೈಕ್ರೊಆಂಪಿಯರ್ ಒಂದು ಓಮ್‌ನಲ್ಲಿ 90 ಮೈಕ್ರೊವೋಲ್ಟ್ ಸೇರಿಸುತ್ತದೆ, ಅಂದರೆ ಪ್ರತಿ ಓಮ್‌ಗೆ 0.45 ಡಿಗ್ರಿ ಹೆಚ್ಚು. ಎರಡನೆಯದು ಡಯೋಡಿನ ಆದರ್ಶ ಗುಣಾಂಕ, ಅಂದರೆ ಡಯೋಡ್ ಆದರ್ಶ ಲೆಕ್ಕದಿಂದ ಎಷ್ಟು ಸರಿದಿದೆ ಎಂಬ ಅಂಕಿ: ಚಿಪ್ 1.008 ಎಂದುಕೊಂಡು ನೀವು 1.003ರ ಟ್ರಾನ್ಸಿಸ್ಟರ್ ಹಾಕಿದರೆ 85 ಡಿಗ್ರಿಯಲ್ಲಿ 1.8 ಡಿಗ್ರಿ ಕಡಿಮೆ ತೋರುತ್ತದೆ. ಮೂರನೆಯದು ತೇವ. ತೊಳೆಯದೆ ಉಳಿದ ಫ್ಲಕ್ಸ್ ಕರಾವಳಿಯ ಮಳೆಗಾಲದಲ್ಲಿ ನೀರು ಹೀರಿ, 3.3 ವೋಲ್ಟಿನ ಎಳೆಯಿಂದ ಡಯೋಡ್ ಎಳೆಗೆ 100 ನ್ಯಾನೊಆಂಪಿಯರ್ ಸೋರಿಸಿದರೆ ಸಾಕು, ತಾಪಮಾನ 1 ಡಿಗ್ರಿಗೂ ಮೀರಿ ಇಳಿದಂತೆ ತೋರುತ್ತದೆ. ಅಷ್ಟು ಸೋರಲು 26 ಮೆಗಾಓಮ್ ಸಾಕು; ಸಾಮಾನ್ಯ ಮೀಟರ್ ಅದನ್ನು ಸೋರಿಕೆ ಎಂದು ಗುರುತಿಸುವುದೇ ಕಷ್ಟ. ಎರಡು ಡಯೋಡ್ ಎಳೆಗಳನ್ನು ಜೊತೆಜೊತೆಯಾಗಿ ಓಡಿಸಿ, ಎರಡೂ ಪಕ್ಕ ಗ್ರೌಂಡ್ ಎಳೆ ಕೊಟ್ಟು, ಬೋರ್ಡ್ ತೊಳೆದು, ಮೇಲೆ ಕೋಟಿಂಗ್ ಹೊಡೆಯಿರಿ.

ಸಭೆಯಿಂದ ಬಂದ ಎರಡು ಪ್ರಶ್ನೆಗಳು.

'10 ಕಿಲೊಓಮ್ ಥರ್ಮಿಸ್ಟರ್ ಇನ್ನೂ ಅಗ್ಗ. ಅದನ್ನೇ ಯಾಕೆ ಹಾಕಬಾರದು ಸರ್?'

ಹಾಕಬಹುದು. ಹೀಟ್‌ಸಿಂಕಿಗೆ ಸ್ಕ್ರೂ ಹಾಕಿ ಕೂರಿಸಬೇಕಾದಲ್ಲಿ ಅದೇ ಒಳ್ಳೆಯದು. ಆದರೆ ಥರ್ಮಿಸ್ಟರ್ ಎಂದರೆ ಬಿಸಿ ಏರಿದಂತೆ ಓಮ್ ಇಳಿಯುವ ರೆಸಿಸ್ಟರ್, ಅದರ ಲೆಕ್ಕ ನೋಡಿ: ಇಳಿಯುವ ವೇಗ ಹೇಳುವ ಬೀಟಾ 3950, ಜೊತೆಗೆ 10 ಕಿಲೊಓಮ್ ರೆಸಿಸ್ಟರ್, ವೋಲ್ಟೇಜನ್ನು ಅಂಕಿಯಾಗಿಸುವ ಹತ್ತು ಬಿಟ್‌ನ ಎಡಿಸಿ. 25 ಡಿಗ್ರಿಯ ಬಳಿ ಪ್ರತಿ ಡಿಗ್ರಿಗೆ 11 ಎಣಿಕೆ ಸಿಗುತ್ತದೆ. 100ರ ಬಳಿ ಎರಡು ಎಣಿಕೆಯೂ ಸಿಗುವುದಿಲ್ಲ, ಯಾಕೆಂದರೆ ಥರ್ಮಿಸ್ಟರ್ ಅಷ್ಟರಲ್ಲಿ 700 ಓಮ್‌ಗೆ ಕುಸಿದಿರುತ್ತದೆ. ಕೋಣೆಯ ಬಿಸಿ ಅಳೆಯಲು ಚಂದ, ನಮಗೆ ಬೇಕಾದ ಬಿಸಿಯಲ್ಲಿ ಕುರುಡು. ಜೊತೆಯ ರೆಸಿಸ್ಟರನ್ನು 1 ಕಿಲೊಓಮ್‌ಗೆ ಇಳಿಸಿದರೆ ಬಿಸಿಯ ಕಡೆ ಕಣ್ಣು ಬರುತ್ತದೆ, ತಣ್ಣನೆಯ ಕಡೆ ಹೋಗುತ್ತದೆ.

'ಮನೆಯಲ್ಲಿ ಸೆನ್ಸರ್ ಸರಿಯಿದೆಯೇ ಎಂದು ಪರೀಕ್ಷಿಸುವುದು ಹೇಗೆ? ಕುದಿಯುವ ನೀರಿನಲ್ಲಿ ಹಾಕಿದರೆ 97 ತೋರಿಸುತ್ತಿದೆ.'

ನೀವು ಬೆಂಗಳೂರಿನವರಾದರೆ ಸೆನ್ಸರ್ ಸರಿಯಾಗಿಯೇ ಇದೆ. ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, 300 ಮೀಟರಿಗೆ ಸುಮಾರು 1 ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ಮಂಗಳೂರಿನಲ್ಲಿ ಇದೇ ಪರೀಕ್ಷೆಗೆ 100 ಬರಬೇಕು. ಐಸ್ ಇದಕ್ಕಿಂತ ನಂಬಿಕಸ್ತ, ಊರಿನ ಎತ್ತರ ಅದಕ್ಕೆ ಲೆಕ್ಕಕ್ಕಿಲ್ಲ. ಬೋರ್‌ವೆಲ್ ನೀರು ಬೇಡ, ಅದರಲ್ಲಿ ಕರಗಿದ ಲವಣ ಐಸ್ ಕರಗುವ ಬಿಂದುವನ್ನು ಕೆಳಗೆಳೆಯುತ್ತದೆ. ಡಿಸ್ಟಿಲ್ಡ್ ನೀರಿನಿಂದ ಮಾಡಿದ ಐಸನ್ನು ಪುಡಿ ಮಾಡಿ ಫ್ಲಾಸ್ಕ್‌ಗೆ ತುಂಬಿ, ಸಂದು ತುಂಬುವಷ್ಟು ಮಾತ್ರ ಅದೇ ನೀರು ಹಾಕಿ. ಸ್ಟೀಲ್ ಕೊಳವೆಯ ಡಿಎಸ್18ಬಿ20 ಆದರೆ ಕೊಳವೆಯ ಜೊತೆ ತಂತಿಯೂ ಸ್ವಲ್ಪ ಮುಳುಗಲಿ, ಇಲ್ಲದಿದ್ದರೆ ಹೊರಗಿನ ಬಿಸಿ ತಂತಿಯ ತಾಮ್ರದಲ್ಲೇ ಇಳಿದು ಬರುತ್ತದೆ. ಕೊಳವೆಯ ತುದಿ ಫ್ಲಾಸ್ಕಿನ ತಳಕ್ಕೆ ತಾಗಬಾರದು. ಐದು ನಿಮಿಷ ಕಲಕುತ್ತಿರಿ. −0.5 ಮತ್ತು +0.5ರ ನಡುವೆ ನಿಂತರೆ ಡೇಟಾಶೀಟ್ ಹೇಳಿದ ಮಿತಿಯಲ್ಲಿದೆ. ಬಿಡಿ ಬೋರ್ಡಿನ ಎಲ್‌ಎಂ75 ಆದರೆ ತೆಳು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಾಳಿ ಹಿಂಡಿ ತೆಗೆದು ಮುಳುಗಿಸಿ. ಅದಕ್ಕೆ ±2ರವರೆಗೆ ವಿನಾಯಿತಿ ಕೊಡಿ, ಮತ್ತು −0.5ರಲ್ಲಿ ಕದಲದೆ ನಿಂತರೆ ಮೊದಲು ಚೀಲ ಮೇಲೆತ್ತಿ ತಂತಿ ನೋಡಿ.